ನಕ್ಕಿದ್ದು ನಾವು, ಹಾರಿದ್ದು ತುರಿಮಣೆ!

ರಾತ್ರಿ ಊಟ ಮುಗಿದು, ಪಾತ್ರೆ ತೊಳೆದಿಟ್ಟು, ಗ್ಯಾಸ್ ಕಟ್ಟೆ ಒರೆಸಿ, ಉಸ್ಸಪ್ಪಾ ಅಂತ ಸೋಫಾ ಮೇಲೆ ಕೂತರೆ ಕೈ ತಾನಾಗಿ ಮೊಬೈಲ್ ಹುಡುಕುತ್ತೆ. ನಿಮ್ಮ ಮನೆಯಲ್ಲೂ ಹೀಗೇನಾ? ನಮ್ಮ ಮನೆಯಲ್ಲಂತೂ ಆ ಅರ್ಧ ಗಂಟೆ ನನ್ನದು, ಮಕ್ಕಳದು. ಮಗ ಒಂದು ಕಡೆ, ಮಗಳು ಒಂದು ಕಡೆ, ಮಧ್ಯೆ ನಾನು. ನೋಡೋದು ಏನು ಗೊತ್ತಾ? ಸೀರಿಯಲ್ ಅಲ್ಲ, ಅಡುಗೆಯೂ ಅಲ್ಲ. ಯಾರೋ ಪುಣ್ಯಾತ್ಮ ಸೈಕಲ್‌ಗೆ ಜೆಟ್ ಎಂಜಿನ್ ಕಟ್ಟೋದು, ಇನ್ನೊಬ್ಬ ಸೀಲಿಂಗ್ ಫ್ಯಾನ್‌ನಿಂದ ದೋಣಿ ಓಡಿಸೋದು, ಮತ್ತೊಬ್ಬ ಇಸ್ತ್ರಿಪೆಟ್ಟಿಗೆ ತಲೆಕೆಳಗು ಮಾಡಿ ದೋಸೆ ಹುಯ್ಯೋದು! ಢಂ ಅಂತ ಹೊಗೆ ಬಂದರೆ, ಅವನ ಹುಬ್ಬು ಸುಟ್ಟರೆ, ನಾವು ಮೂವರೂ ಹೊಟ್ಟೆ ಹಿಡ್ಕೊಂಡು ನಗ್ತಿದ್ವಿ. ‘ಅಯ್ಯೋ, ಇವನಿಗೆ ಹೆಂಡತಿ ಇಲ್ವಾ, ಬೈಯೋರೇ ಇಲ್ವಾ?’ ಅಂತ ನಾನೇ ಜೋಕ್ ಮಾಡ್ತಿದ್ದೆ.

ಆ ನಗು ಒಂದು ದಿನ ನಮ್ಮ ಮನೆಯ ಯುಟಿಲಿಟಿಯಿಂದ ಕೇಳಿಸುತ್ತೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ.

ಅಜ್ಜಿಗಾಗಿ ಒಂದು ಯಂತ್ರ

ಬೇಸಿಗೆ ರಜೆ. ನಾನು ತರಕಾರಿಗೆ ಹೋಗಿದ್ದೆ. ನಮ್ಮತ್ತೆಗೆ ಕೈ ಮಣಿಕಟ್ಟು ನೋವು, ಕಾಯಿ ತುರಿಯೋಕೆ ಕಷ್ಟ ಪಡ್ತಾರೆ. ಹದಿಮೂರು ವರ್ಷದ ಮಗನಿಗೆ ಅಜ್ಜಿ ಅಂದರೆ ಪ್ರಾಣ. ಅಟ್ಟದ ಮೇಲಿದ್ದ ಹಳೇ ಮಿಕ್ಸಿ ಇಳಿಸಿದ್ದಾನೆ. ಮುರಿದ ತುರಿಮಣೆಯ ಹಲ್ಲಿನ ಬಿಲ್ಲೆ ತಗೊಂಡು, ಮಿಕ್ಸಿ ಮೋಟರ್ ತಲೆಗೆ ಎಂ-ಸೀಲ್ ಮೆತ್ತಿ, ಸೈಕಲ್ ಟ್ಯೂಬ್ ಸುತ್ತಿ ಬಿಗಿದಿದ್ದಾನೆ. ಮಿಕ್ಸಿಗೆ ಪ್ಲಗ್ ಇರಲಿಲ್ಲ, ಯಾವಾಗಲೋ ನಮ್ಮವರು ಕಿತ್ತು ಬೇರೆ ಯಾವುದಕ್ಕೋ ಹಾಕಿದ್ರು. ಅದಕ್ಕೇನಂತೆ? ವೈರ್ ತುದಿ ಸುಲಿದು ಸಾಕೆಟ್‌ಗೆ ತುರುಕಿ, ಎರಡು ಬೆಂಕಿಕಡ್ಡಿ ಸಿಕ್ಕಿಸಿದ್ದಾನೆ. ಮಗಳ ಕೈಗೆ ನನ್ನ ಹಳೇ ಫೋನು ಕೊಟ್ಟು, ‘ಏನಾದ್ರೂ ಆಗಲಿ, ವಿಡಿಯೋ ಮಾತ್ರ ನಿಲ್ಲಿಸಬೇಡ’ ಅಂದಿದ್ದಾನೆ.

ಸ್ವಿಚ್ ಹಾಕಿದ. ಎರಡು ಸೆಕೆಂಡು ಗುಯ್ ಅಂತು. ಮೂರನೇ ಸೆಕೆಂಡಿಗೆ ಆ ಬಿಲ್ಲೆ ಕಿತ್ತು ಹಾರಿ, ಮಗಳ ಕಿವಿ ಪಕ್ಕದಿಂದ ಹೋಗಿ ಗೋಡೆಯ ಟೈಲ್ಸ್ ಸೀಳಿತು. ಸಾಕೆಟ್‌ನಲ್ಲಿ ಕಿಡಿ, ಸುಟ್ಟ ವಾಸನೆ. ಅತ್ತೆ ಓಡಿ ಬಂದವರು ಯಾರನ್ನೂ ಮುಟ್ಟಲಿಲ್ಲ, ಕಿರುಚಲಿಲ್ಲ. ಸೀದಾ ಮೀಟರ್ ಹತ್ತಿರ ಹೋಗಿ ಮೈನ್ ಆಫ್ ಮಾಡಿದ್ರು. ನಾಲ್ಕನೇ ಕ್ಲಾಸು ಓದಿದ ಹೆಂಗಸು!

ಮಗನ ಬೆರಳ ತುದಿ ಸುಟ್ಟಿತ್ತು, ಅಷ್ಟೇ. ನಾನು ಬಂದು ನೋಡಿದಾಗ ಎದೆ ಧಸಕ್ ಅಂತು. ಅವನು ಕೇಳಿದ ಮೊದಲ ಮಾತು ಏನು ಗೊತ್ತಾ? ‘ಪುಟ್ಟಿ, ವಿಡಿಯೋ ಬಂತಾ?’

ವಿಡಿಯೋ ಬಂದಿತ್ತು. ಆಮೇಲೆ ನಾನೇ ಅದನ್ನು ಹಾಕಿ ನೋಡಿದೆ. ಬಿಲ್ಲೆ ಹಾರೋದು ಸರಿಯಾಗಿ ಕಾಣೋದೇ ಇಲ್ಲ. ಆದರೆ ಕಿಡಿ ಕಂಡ ಕೂಡಲೇ ಮಗಳು ನಗೋದು ಕೇಳಿಸುತ್ತೆ. ಅದು ಥೇಟ್ ನನ್ನ ನಗು. ಸೋಫಾ ಮೇಲೆ ಕೂತು ನಾನು ನಗ್ತಿದ್ದೆನಲ್ಲ, ಅದೇ ಏರಿಳಿತ, ಕೊನೆಗೆ ಅದೇ ‘ಅಯ್ಯೋ ಅಯ್ಯೋ’. ತನ್ನ ಕಿವಿ ಪಕ್ಕದಲ್ಲಿ ಕಬ್ಬಿಣ ಹಾರಿ ಹೋಗಿದ್ದು ಆ ಮಗೂಗೆ ಗೊತ್ತೇ ಆಗಿರಲಿಲ್ಲ. ಕಿಡಿ ಬಂದರೆ ನಗಬೇಕು ಅಂತ ಅವಳಿಗೆ ಕಲಿಸಿದವಳು ನಾನೇ.

ಶಭಾಷ್‌ಗಿರಿಯ ಸುರಿಮಳೆ

ಅಷ್ಟು ಹೊತ್ತಿಗೆ ಮಗರಾಯ ಅದನ್ನು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿಯಾಗಿತ್ತು. ಒಬ್ಬರು ‘ಭಾವೀ ಎಂಜಿನಿಯರ್!’ ಅಂದ್ರು. ಇನ್ನೊಬ್ಬರು ‘ಸೂಪರ್ ಪುಟ್ಟಾ’ ಅಂತ ಹೆಬ್ಬೆರಳು ಎತ್ತಿದ್ರು. ಕಣ್ಣಲ್ಲಿ ನೀರು ಬರೋ ಹಾಗೆ ನಗೋ ಹಳದಿ ಮುಖಗಳಂತೂ ಸಾಲು ಸಾಲು. ‘ಅದಕ್ಕೇ ಹೆಂಗಸರು ಗಂಡಸರಿಗಿಂತ ಜಾಸ್ತಿ ವರ್ಷ ಬದುಕೋದು’ ಅನ್ನೋ ಓಡಾಡಿ ಸವೆದ ಜೋಕೂ ಬಂತು. ತಿಪಟೂರಿನಲ್ಲಿರೋ ನಮ್ಮಮ್ಮನಿಗೆ ಟೈಪ್ ಮಾಡೋಕೆ ಬರಲ್ಲ. ಅವರೊಬ್ಬರೇ ಫೋನ್ ಮಾಡಿ, ‘ಕೂಸಿನ ಕಿವಿ ನೆಟ್ಟಗಿದೆಯೇನೇ?’ ಅಂತ ಕೇಳಿದ್ದು.

ಆ ಜೋಕ್ ಬಗ್ಗೆ ಒಂದು ಮಾತು. ಗಂಡಸರು ಏಣಿ ಮೇಲೆ ಏಣಿ ಇಟ್ಟು ಹತ್ತೋದು ನೋಡಿ ನಾವೂ ಅದನ್ನು ಹೇಳಿ ನಗ್ತೀವಿ. ಆದರೆ ಬಿದ್ದವನನ್ನು ಆಸ್ಪತ್ರೆಗೆ ಸೇರಿಸೋದು, ಬ್ಯಾಂಡೇಜ್ ಬದಲಾಯಿಸೋದು, ಗಂಜಿ ಕುಡಿಸೋದು ಯಾರು? ಜಾಸ್ತಿ ವರ್ಷ ಬದುಕೋ ಹೆಂಗಸೇ ತಾನೆ! ಹೀಗಿರೋವಾಗ ಆ ಜೋಕಿಗೆ ನಾವು ನಗೋದರಲ್ಲಿ ಏನು ಅರ್ಥ ಇದೆ, ಹೇಳಿ.

ನಮ್ಮ ಬೀದಿ ತುದಿಯ ಮಿಕ್ಸಿ ರಿಪೇರಿ ಅಂಗಡಿಯವರಿಗೆ ಮೋಟರ್ ತೋರಿಸಿದೆ. ಅವರು ನಗಲಿಲ್ಲ. ‘ಅಮ್ಮಾ, ಮಿಕ್ಸಿ ಮೋಟರ್ ಖಾಲಿ ಓಡಿದರೆ ನಿಮಿಷಕ್ಕೆ 18 ರಿಂದ 20 ಸಾವಿರ ಸುತ್ತು ಸುತ್ತುತ್ತೆ. ಗ್ರೈಂಡರ್ ಜೊತೆ ಬರುತ್ತಲ್ಲ ಕಾಯಿ ತುರಿಯೋದು, ಅದು ಇದರ ಮುಂದೆ ಆಮೆ. ಇಷ್ಟು ವೇಗಕ್ಕೆ ಎಂ-ಸೀಲ್ ನಿಲ್ಲುತ್ತಾ?’ ಅಂದ್ರು. ಅವನು ಮಾಡಿದ್ದು ತುರಿಯೋ ಯಂತ್ರ ಅಲ್ಲ, ಕವಣೆ ಕಲ್ಲು. ಅಜ್ಜಿ ಮೇಲಿನ ಪ್ರೀತಿಗೆ ಮಾಡಿದ್ದು ನಿಜ. ಆದರೆ ಪ್ರೀತಿ ಇದೆ ಅಂತ ಮೋಟರ್ ನಿಧಾನ ಆಗುತ್ತಾ?

ಕ್ಯಾಮೆರಾ ಹಿಂದೆ ಏನಿರುತ್ತೆ?

ಆಮೇಲೆ ನಾನು ಕೂತು ಈ ಪ್ರಯೋಗದ ಮಹಾಶಯರ ಬಗ್ಗೆ ಒಂದಿಷ್ಟು ತಿಳ್ಕೊಂಡೆ. ಇಂಗ್ಲೆಂಡಿನ ಕಾಲಿನ್ ಫರ್ಜ್ ಅಂತ ಒಬ್ಬರಿದ್ದಾರೆ. ಮೊದಲು ಪ್ಲಂಬರ್ ಆಗಿದ್ದವರು. ವೆಲ್ಡಿಂಗ್ ಮಾಡೋವಾಗ ಟೈ ಕಟ್ಕೊಂಡು ಅದನ್ನು ‘ಸೇಫ್ಟಿ ಟೈ’ ಅಂತಾರೆ! ಸ್ಕೂಟರ್‌ಗೆ ಬೆಂಕಿ ಉಗುಳೋ ಯಂತ್ರ ಕಟ್ಟಿದ್ದಕ್ಕೆ 2010ರಲ್ಲಿ ಪೊಲೀಸರು ಅವರನ್ನು ಬಂಧಿಸಿದ್ದೂ ಉಂಟು. ನಗು ಬರಿಸೋದು ಟೈ, ಆದರೆ ಜೀವ ಉಳಿಸೋದು ಅವರ ಕೈಯ ಎಷ್ಟೋ ವರ್ಷದ ಕಸುಬು. ಇರಾನ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿರೋ ಮೆಹದಿ ಸದಗ್ದಾರ್ ಇನ್ನೊಬ್ಬರು, ‘ಎಲೆಕ್ಟ್ರೋಬೂಮ್’ ಅಂತ ಹೆಸರುವಾಸಿ. ಪ್ರತಿ ವಿಡಿಯೋದಲ್ಲೂ ಶಾಕ್ ಹೊಡೆಸಿಕೊಂಡು ಕಿರುಚ್ತಾರೆ. ಅವರು ಓದಿದ ಎಲೆಕ್ಟ್ರಿಕಲ್ ಎಂಜಿನಿಯರ್. ಆ ಶಾಕ್‌ಗಳಲ್ಲಿ ಎಷ್ಟೋ ಬೇಕಂತಲೇ ಮಾಡೋ ನಾಟಕ ಅಂತ ಅವರೇ ಹೇಳಿದ್ದಾರೆ. ಎಲ್ಲಿ ಮುಟ್ಟಿದರೆ ಸಾಯಲ್ಲ ಅಂತ ಲೆಕ್ಕ ಹಾಕಿ ಮುಟ್ಟೋದು ಒಂದು ವಿದ್ಯೆ. ನಮ್ಮ ಮಕ್ಕಳಿಗೆ ಕಾಣೋದು ಕಿರುಚಾಟ ಮಾತ್ರ, ಲೆಕ್ಕ ಕಾಣಲ್ಲ.

ಲೆಕ್ಕ ಗೊತ್ತಿರೋರಿಗೂ ಕೈ ತಪ್ಪುತ್ತೆ ಅನ್ನೋದು ಬೇರೆ ಮಾತು. ‘ಮಿತ್‌ಬಸ್ಟರ್ಸ್’ ಅನ್ನೋ ಪ್ರಸಿದ್ಧ ಟಿವಿ ಕಾರ್ಯಕ್ರಮದವರು 2011ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫಿರಂಗಿ ಗುಂಡು ಹಾರಿಸಿದ್ರು. ಅದು ಗುರಿ ತಪ್ಪಿ ಊರೊಳಗೆ ನುಗ್ಗಿತು. ಒಂದು ಮನೆಯ ಗೋಡೆ ತೂರಿ ಆಚೆ ಬಂದು, ಕೊನೆಗೆ ನಿಲ್ಲಿಸಿದ್ದ ವ್ಯಾನಿನಲ್ಲಿ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅವರ ಹತ್ತಿರ ತಜ್ಞರಿದ್ರು, ಬಾಂಬ್ ಪರೀಕ್ಷಿಸೋ ಮೈದಾನ ಇತ್ತು. ನಮ್ಮ ಮಗನ ಹತ್ತಿರ ಇದ್ದಿದ್ದು ಬೆಂಕಿಕಡ್ಡಿ.

ಪುಣ್ಯ ಕೈ ಕೊಟ್ಟಾಗ

2019ರಲ್ಲಿ ಚೀನಾದಲ್ಲಿ ನಡೆದದ್ದು ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿ ‘ಮಿಸ್ ಯೇ’ ಅಂತ ಒಬ್ಬ ಯುವತಿ, ಆಫೀಸಿನ ಸಾಮಾನುಗಳಲ್ಲೇ ಅಡುಗೆ ಮಾಡಿ ತೋರಿಸಿ ಜನಪ್ರಿಯಳಾದವಳು. ಹದಿನಾಲ್ಕು ಮತ್ತು ಹನ್ನೆರಡು ವರ್ಷದ ಇಬ್ಬರು ಹುಡುಗಿಯರು ಮನೆಯಲ್ಲಿ ಆಲ್ಕೋಹಾಲ್ ಉರಿಸಿ ಟಿನ್ ಡಬ್ಬಿಯಲ್ಲಿ ಪಾಪ್‌ಕಾರ್ನ್ ಮಾಡೋಕೆ ಹೋದ್ರು. ಸ್ಫೋಟ ಆಯ್ತು. ಹದಿನಾಲ್ಕರ ಹುಡುಗಿ ತೀರಿಕೊಂಡಳು, ಇನ್ನೊಬ್ಬಳಿಗೆ ಸುಟ್ಟ ಗಾಯ. ಅವರು ನೋಡಿದ್ದು ತನ್ನ ವಿಡಿಯೋ ಅಲ್ಲ, ತನ್ನ ವಿಧಾನವೇ ಬೇರೆ ಅಂತ ಆಕೆ ವಾದಿಸಿದಳು. ಆದರೂ ಎರಡೂ ಮನೆಯವರಿಗೆ ಪರಿಹಾರ ಕೊಡೋಕೆ ಒಪ್ಪಿದಳು. ಯಾರ ವಿಡಿಯೋ ಆದರೇನು? ಪಾಪ್‌ಕಾರ್ನ್ ಮಾಡೋಕೆ ಹೋದ ಮಗು ವಾಪಸ್ ಬರಲಿಲ್ಲ.

ಇನ್ನೊಂದು, ಹಳೇ ಮೈಕ್ರೋವೇವ್ ಅವನ್ ಒಳಗಿನ ಟ್ರಾನ್ಸ್‌ಫಾರ್ಮರ್ ಕಿತ್ತು, ಮರದ ಹಲಗೆ ಮೇಲೆ ವಿದ್ಯುತ್ ಹರಿಸಿ ಬಳ್ಳಿಯಂಥ ಚಿತ್ತಾರ ಮೂಡಿಸೋದು. ನೋಡೋಕೆ ಬಹಳ ಚೆಂದ, ನಮ್ಮಂಥವರಿಗೆ ‘ಗೋಡೆಗೆ ಹಾಕಿದರೆ ಎಷ್ಟು ಚೆನ್ನಾಗಿರುತ್ತೆ’ ಅನ್ನಿಸೋ ಹಾಗೆ. ಇದರಿಂದ 30ಕ್ಕೂ ಹೆಚ್ಚು ಜನ ಸತ್ತಿದ್ದಾರೆ. 2022ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ಹೀಗೇ ಹೋದರು. ನಮ್ಮ ಮನೆಯ ಕರೆಂಟು 230 ವೋಲ್ಟ್, ಆ ಟ್ರಾನ್ಸ್‌ಫಾರ್ಮರ್ ಅದನ್ನು 2000 ವೋಲ್ಟ್ ಆಸುಪಾಸಿಗೆ ಏರಿಸುತ್ತೆ. ಮನೆಗೆ ಹಾಕಿಸಿರೋ ಶಾಕ್ ತಡೆಯೋ ಸ್ವಿಚ್ ಕೂಡ ಇಲ್ಲಿ ಉಳಿಸಲ್ಲ, ಯಾಕೆಂದರೆ ಟ್ರಾನ್ಸ್‌ಫಾರ್ಮರ್ ಆಚೆ ಸೋರೋ ವಿದ್ಯುತ್ ಅದಕ್ಕೆ ಗೊತ್ತಾಗೋದೇ ಇಲ್ಲ.

ಈ ಬಗ್ಗೆ ಗಟ್ಟಿಯಾಗಿ ಎಚ್ಚರಿಸಿದ್ದು ಯಾರು ಗೊತ್ತಾ? ಆಸ್ಟ್ರೇಲಿಯಾದಲ್ಲಿ ಕೇಕ್ ಮಾಡೋದು ಹೇಳಿಕೊಡೋ ಆ್ಯನ್ ರಿಯರ್ಡನ್ ಅನ್ನೋ ಹೆಂಗಸು. ಅವರು ಆಹಾರ ವಿಜ್ಞಾನ ಓದಿದವರು. ತಮಾಷೆ ನೋಡಿ, 2022ರಲ್ಲಿ ಅವರ ಎಚ್ಚರಿಕೆಯ ವಿಡಿಯೋವನ್ನೇ ಅಪಾಯಕಾರಿ ಅಂತ ಯೂಟ್ಯೂಬ್ ತೆಗೆದುಹಾಕಿತ್ತು. ಜನ ಗಲಾಟೆ ಮಾಡಿದ ಮೇಲೆ ವಾಪಸ್ ಹಾಕಿದ್ರು. ಅಂದರೆ ನೋಡೋರ ಪ್ರತಿಕ್ರಿಯೆಗೆ ಬೆಲೆ ಇದೆ ಅಂತಾಯ್ತಲ್ಲ! ನಗುವಿಗೂ ಬೆಲೆ ಇದೆ, ‘ಬೇಡ’ ಅನ್ನೋ ಮಾತಿಗೂ ಇದೆ.

ದೂರದ ಮಾತೇಕೆ? 2024ರ ದೀಪಾವಳಿಯಲ್ಲಿ ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲಿ, ಪಟಾಕಿ ತುಂಬಿದ ಡಬ್ಬದ ಮೇಲೆ ಕೂತರೆ ಆಟೋ ಕೊಡಿಸ್ತೀವಿ ಅಂತ ಗೆಳೆಯರು ಪಂದ್ಯ ಕಟ್ಟಿದ್ರು. ಕೂತ ಯುವಕ ಉಳಿಯಲಿಲ್ಲ. ಬೆಂಕಿ ಹಚ್ಚಿ ಓಡಿದವರು ಅವನ ವೈರಿಗಳಲ್ಲ, ಸ್ನೇಹಿತರೇ. ಸುತ್ತ ನಿಂತು ನೋಡೋರು ಇಲ್ಲದಿದ್ದರೆ ಅವನು ಅಲ್ಲಿ ಕೂರ್ತಿದ್ದನಾ? ನಮ್ಮ ಮಗನ ಹಿಂದೆಯೂ ಫೋನ್ ಹಿಡಿದು ಒಬ್ಬಳು ನಿಂತಿದ್ದಳು, ಅವಳ ಹಿಂದೆ ವಾಟ್ಸ್ಆ್ಯಪ್ ಗುಂಪು ಇತ್ತು, ಸೋಫಾ ಮೇಲೆ ನಾನಿದ್ದೆ.

ಬೆಂಕಿಕಡ್ಡಿ ಎಲ್ಲಿಂದ ಬಂತು?

ನಮ್ಮ ನಾದಿನಿ ಸುಲಭದ ದಾರಿ ಹೇಳಿದ್ರು: ‘ಫೋನ್ ಕಿತ್ತಿಟ್ಟುಬಿಡಿ ಅತ್ತಿಗೆ.’ ಎರಡು ದಿನ ಹಾಗೇ ಮಾಡಿದೆ. ಮೂರನೇ ದಿನ ಮಗ ಪಕ್ಕದ ಮನೆಯಲ್ಲಿ ಕೂತು ನೋಡ್ತಿದ್ದ. ಬೀಗ ಹಾಕಿದರೆ ಕದ್ದು ನೋಡ್ತಾರೆ, ಕದ್ದು ನೋಡಿದ್ದನ್ನು ಕದ್ದೇ ಮಾಡ್ತಾರೆ. ಆಗ ಮೈನ್ ಆಫ್ ಮಾಡೋಕೆ ಅಜ್ಜಿಯೂ ಹತ್ತಿರ ಇರಲ್ಲ.

ಕೋಪ ಇಳಿದ ಮೇಲೆ ಮಗನನ್ನು ಕೇಳಿದೆ, ‘ಆ ಬೆಂಕಿಕಡ್ಡಿ ಸಿಕ್ಕಿಸೋದು ಯಾವ ವಿಡಿಯೋದಲ್ಲಿ ನೋಡಿದೆ?’ ಅವನು ಮುಗ್ಧವಾಗಿ, ‘ವಿಡಿಯೋ ಅಲ್ಲಮ್ಮ, ಗಣೇಶನ ಹಬ್ಬಕ್ಕೆ ಸೀರಿಯಲ್ ಸೆಟ್ ಹಾಕೋವಾಗ ಅಪ್ಪ ಹಾಗೇ ಮಾಡ್ತಾರಲ್ಲ’ ಅಂದ. ನಮ್ಮವರು ಪೇಪರ್ ಮರೆಯಲ್ಲಿ ಮುಖ ಮುಚ್ಕೊಂಡ್ರು. ನಾನೇನು ಕಮ್ಮಿಯಾ? ಚಳಿಗಾಲದಲ್ಲಿ ಬಕೆಟ್‌ಗೆ ಹೀಟರ್ ರಾಡ್ ಇಟ್ಟು, ಸ್ವಿಚ್ ಆಫ್ ಮಾಡದೇ ಬೆರಳು ಅದ್ದಿ ‘ಕಾದಿದೆಯಾ’ ಅಂತ ನೋಡಿದವಳು. ಕುಕ್ಕರ್‌ನ ಸೇಫ್ಟಿ ವಾಲ್ವ್ ಹೋದಾಗ, ‘ಆಮೇಲೆ ಹಾಕಿಸಿದರಾಯ್ತು’ ಅಂತ ತೂತಿಗೆ ಮೈದಾ ಹಿಟ್ಟು ಮೆತ್ತಿ ಅನ್ನ ಇಟ್ಟವಳು. ಯಾರೂ ವಿಡಿಯೋ ತೆಗೆದಿರಲಿಲ್ಲ, ಅಷ್ಟೇ ವ್ಯತ್ಯಾಸ. ಮೊಬೈಲಿನಲ್ಲಿ ಕಂಡಿದ್ದು ಮಕ್ಕಳಿಗೆ ಹುಮ್ಮಸ್ಸು ಕೊಡುತ್ತೆ ನಿಜ, ಆದರೆ ‘ಏನೂ ಆಗಲ್ಲ ಬಿಡು’ ಅನ್ನೋ ಧೈರ್ಯ ಕೊಡೋದು ಮನೆ.

ಹಾಗಾದರೆ ನಗಲೇಬಾರದಾ? ನಗೋಣ, ಯಾರು ಬೇಡ ಅಂದ್ರು? ನಮ್ಮ ಮನೆಯಲ್ಲಿ ಈಗಲೂ ರಾತ್ರಿ ಆ ಅರ್ಧ ಗಂಟೆ ಇದೆ. ಆದರೆ ನಕ್ಕ ಮೇಲೆ ನಿಲ್ಲಿಸಿ ಒಂದು ಪ್ರಶ್ನೆ ಕೇಳ್ತೀನಿ: ‘ಇದರಲ್ಲಿ ಅವನು ತೋರಿಸದೇ ಇರೋದು ಏನು?’ ಮೊದಲು ಮಕ್ಕಳು ‘ಅಯ್ಯೋ ಅಮ್ಮ ಶುರು ಹಚ್ಕೊಂಡ್ಳು’ ಅಂದ್ರು. ಈಗ ಅವರದೇ ಪೈಪೋಟಿ. ‘ಕನ್ನಡಕ ಹಾಕಿದ್ದಾನೆ ನೋಡು’, ‘ಆಚೆ ಯಾರೋ ನಿಂತಿದ್ದಾರೆ’, ‘ಇಲ್ಲಿ ವಿಡಿಯೋ ಕಟ್ ಆಗಿದೆ, ಮಧ್ಯೆ ಏನೋ ಮಾಡಿದ್ದಾನೆ’. ನಗು ಕಮ್ಮಿ ಆಗಿಲ್ಲ, ಕಣ್ಣು ಚುರುಕಾಗಿದೆ.

ಮಗನ ಯಂತ್ರದ ಕಥೆ ಏನಾಯ್ತು ಅಂತೀರಾ? ಶನಿವಾರ ಒಂದು ಗಂಟೆ ಅವನು ಅದೇ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಕೂರ್ತಾನೆ. ಮೊದಲ ದಿನ ಅವರು ಕಲಿಸಿದ್ದು ಪ್ಲಗ್ ಹಾಕೋದು, ಮೂರು ಪಿನ್ ಯಾಕೆ ಇರುತ್ತೆ ಅನ್ನೋದು. ತುರಿಯೋ ಯಂತ್ರ ಇನ್ನೂ ಆಗಿಲ್ಲ. ಅಲ್ಲಿವರೆಗೆ ಭಾನುವಾರದ ಕಾಯಿ ತುರಿಯೋ ಕೆಲಸ ಅವನದೇ, ಕೈಯಲ್ಲಿ. ಅತ್ತೆ ಪಕ್ಕದಲ್ಲಿ ಕೂತು, ‘ಕರಟ ಬರೋ ಹಾಗೆ ತುರೀಬೇಡ ಕಣೋ’ ಅಂತಿರ್ತಾರೆ. ಅವರ ಮಣಿಕಟ್ಟಿಗೂ ಆರಾಮು.

ಸೀಳಿದ ಟೈಲ್ಸ್ ಬದಲಾಯಿಸೋಣ ಅಂತ ನಮ್ಮವರು ಹೇಳ್ತಾನೇ ಇದ್ದಾರೆ. ನಾನೇ ಬೇಡ ಅಂದಿದ್ದೀನಿ. ಬಟ್ಟೆ ಒಗೆಯೋಕೆ ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತೆ. ಮಗಳ ಎತ್ತರಕ್ಕೆ ಸರಿಯಾಗಿ ಇದೆ.

ಮನೆಯಲ್ಲಿ ಇದಿಷ್ಟು ನೆನಪಿರಲಿ

* ಬಾಯಿ ಮುಚ್ಚಿದ ಯಾವುದೇ ಡಬ್ಬಿ, ಬಾಟಲಿ, ಟಿನ್ ಕಾಯಿಸಬಾರದು. ನೀರು ಆವಿಯಾದರೆ ಸುಮಾರು 1600 ಪಟ್ಟು ಜಾಗ ಕೇಳುತ್ತೆ. ಕುಕ್ಕರ್‌ಗೆ ವಾಲ್ವ್ ಇರೋದೇ ಇದಕ್ಕೆ. ಹೋದ ವಾಲ್ವ್ ಜಾಗಕ್ಕೆ ಅದೇ ಕಂಪನಿಯದ್ದನ್ನೇ ಹಾಕಿಸಿ.

* ಕೆಟ್ಟ ಮೈಕ್ರೋವೇವ್, ಹಳೇ ಟಿವಿ ಅಟ್ಟಕ್ಕೆ ಹಾಕಬೇಡಿ, ಮಕ್ಕಳ ಕೈಗೆ ಬಿಚ್ಚೋಕೆ ಕೊಡಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ವಿದ್ಯುತ್ ಉಳಿದಿರಬಹುದು. ಇ-ತ್ಯಾಜ್ಯ ತಗೊಳ್ಳೋರಿಗೆ ಕೊಟ್ಟುಬಿಡಿ.

* ಪ್ಲಗ್ ಇಲ್ಲದ ವೈರ್ ಸಾಕೆಟ್‌ಗೆ ತುರುಕೋದು ಇವತ್ತಿಗೇ ನಿಲ್ಲಲಿ. ಹೀಟರ್ ರಾಡ್ ಇದ್ದ ನೀರನ್ನು ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದ ಮೇಲೇ ಮುಟ್ಟಿ.

* ಮನೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯಾ ಅಂತ ಎಲೆಕ್ಟ್ರಿಷಿಯನ್‌ನನ್ನು ಕೇಳಿ. ಅದರ ಟೆಸ್ಟ್ ಬಟನ್ ಒತ್ತಿ ನೋಡೋದು ಹೇಗೆ ಅಂತ ಕಲೀರಿ.

* ಟಾಯ್ಲೆಟ್ ತೊಳೆಯೋ ಆ್ಯಸಿಡ್ ಮತ್ತು ಬ್ಲೀಚ್ ಯಾವತ್ತೂ ಬೆರೆಸಬೇಡಿ. ವಿಷದ ಕ್ಲೋರಿನ್ ಅನಿಲ ಬರುತ್ತೆ.

* ಯಾರಿಗಾದರೂ ಕರೆಂಟ್ ಹಿಡಿದರೆ ಅವರನ್ನು ಮುಟ್ಟಬೇಡಿ, ಮೊದಲು ಮೈನ್ ಆಫ್ ಮಾಡಿ. ಮೈನ್ ಎಲ್ಲಿದೆ ಅಂತ ಮನೆಯ ಎಲ್ಲರಿಗೂ, ಕೆಲಸದವರಿಗೂ ಗೊತ್ತಿರಲಿ.

* ಸುಟ್ಟ ಜಾಗವನ್ನು ಇಪ್ಪತ್ತು ನಿಮಿಷ ಹರಿಯೋ ತಣ್ಣೀರಿನ ಕೆಳಗೆ ಹಿಡಿಯಿರಿ. ಇಂಕು, ಟೂತ್‌ಪೇಸ್ಟ್, ಐಸ್ ಬೇಡ. ಕರೆಂಟಿನ ಗಾಯ ಚಿಕ್ಕದಾಗಿ ಕಂಡರೂ ಡಾಕ್ಟರಿಗೆ ತೋರಿಸಿ. ಆಂಬ್ಯುಲೆನ್ಸ್‌ಗೆ 108, ತುರ್ತಿಗೆ 112.

* ಕೊನೆಯದಾಗಿ, ಮಕ್ಕಳ ಇಂಥ ವಿಡಿಯೋ ನಿಮ್ಮ ಗುಂಪಿಗೆ ಬಂದರೆ ಹೆಬ್ಬೆರಳು ಎತ್ತೋ ಮೊದಲು ಒಂದು ಫೋನ್ ಮಾಡಿ. ‘ಮಗು ಹುಷಾರಾಗಿದೆಯಾ?’ ಅಂತ ಕೇಳಿ. ಆಮೇಲೆ ಬೇಕಾದರೆ ನಗಿ.

ಏನಂತೀರಾ?